ಗೋಧಿ ಆಗದ ಮಗುವಿಗೆ ಮಳೆಗಾಲದ ತುರ್ತು ಡಬ್ಬಿಯಲ್ಲಿ ಏನಿಡಬೇಕು?

ಕಾರವಾರದ ಹತ್ತಿರ ಮನೆ, ಮಗಳಿಗೆ ಸೀಲಿಯಾಕ್ ಕಾಯಿಲೆ (ಗೋಧಿಯಂಥದ್ದು ತಿಂದರೆ ಕರುಳಿಗೆ ಪೆಟ್ಟಾಗುವ ಕಾಯಿಲೆ), ಮಳೆಗೆ ರಸ್ತೆ ಬಂದ್ ಆದರೆ ಏನು ತಿನ್ನಿಸಲಿ ಎಂದು ಕೇಳಿದ್ದೀರಿ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತ್ತಲ್ವಾ, ನಿಮ್ಮ ಭಯ ಸುಮ್ನೆ ಅಲ್ಲ. ನನ್ನ ತಮ್ಮನಿಗೂ ಇದೇ ಕಾಯಿಲೆ.

ಮಳೆ-ನೆರೆಗೆ ಮನೆ ಬಿಟ್ಟವರಿಗೆ ಸರ್ಕಾರ ತೆರೆಯುವ ಕಾಳಜಿ ಕೇಂದ್ರಕ್ಕೆ ಹೋದರೆ ಉಪ್ಪಿಟ್ಟು, ಬ್ರೆಡ್, ಬಿಸ್ಕತ್ತು ಕೊಡಬಹುದು. ಮೂರೂ ಗೋಧಿಯವೇ. ಅನ್ನ-ಸಾರು ಇದ್ದರೂ ಒಗ್ಗರಣೆಯ ಇಂಗು ನೋಡಬೇಕು. ಅಂಗಡಿಯ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಪ್ಯಾಕೆಟ್ ಹಿಂದೆ ಬರೆದಿರುತ್ತದೆ. ನಾವು ಇದನ್ನು ತಿಳಿಯುವಷ್ಟರಲ್ಲಿ ತಮ್ಮ ತಿಂಗಳುಗಟ್ಟಲೆ ಹೊಟ್ಟೆನೋವು ತಿಂದಿದ್ದ. ಉಪ್ಪಿನಕಾಯಿಗೂ ಅದೇ ಇಂಗು ಬೀಳುತ್ತದೆ, ಹಾಗಾಗಿ ಆ ಇಂಗು ಹಾಕದ ಮನೆಯದ್ದನ್ನೇ ಇಡಿ.

ಒಲೆ ಹಚ್ಚದೆ ತಿನ್ನುವಂಥದ್ದು ಮುಖ್ಯ. ನಮ್ಮಲ್ಲಿ ತೆಳು ಅವಲಕ್ಕಿಯೇ ಮೊದಲು. ನೀರು ಚಿಮುಕಿಸಿ ಬೆಲ್ಲ ಕಲಸಿದರೆ ಐದು ನಿಮಿಷದಲ್ಲಿ ಊಟ. ಜೊತೆಗೆ ಹುರಿಗಡಲೆ, ಶೇಂಗಾ, ಸುಕೇಳಿ (ಒಣಗಿಸಿದ ಬಾಳೆಹಣ್ಣು), ಹಲಸಿನ ಚಿಪ್ಸ್. ಕುಡಿಯುವ ನೀರು ದಿನಕ್ಕೆ ಒಬ್ಬರಿಗೆ ಮೂರು ಲೀಟರ್ ಹಿಡಿಯಿರಿ.

ಮಳೆಗಾಲದ ತೇವಕ್ಕೆ ಅವಲಕ್ಕಿ ಬೇಗ ಮುಗ್ಗುತ್ತದೆ. ಬಿಸಿಲಿರುವಾಗಲೇ ಒಣಗಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ತಿಂಗಳಿಗೊಮ್ಮೆ ತಿಂದು ಖಾಲಿ ಮಾಡಿ, ಹೊಸದು ತುಂಬಿ. ಅವಳದೇ ತಟ್ಟೆ, ಚಮಚ ಒಳಗಿರಲಿ. 'ಗೋಧಿ, ಮೈದಾ, ರವೆ ಕೊಡಬೇಡಿ' ಎಂದು ದಪ್ಪ ಅಕ್ಷರದಲ್ಲಿ ಬರೆದ ಚೀಟಿಯನ್ನು ಮುಚ್ಚಳಕ್ಕೆ ಅಂಟಿಸಿ.