ಒಂದು ವರ್ಷದ ಬಿಡುವಿಗೆ ಸಲಹೆ ಯಾರಿಂದ ಪಡೆಯಬೇಕು?

ಪ್ರಶ್ನೆ: ನನ್ನ ತಂಗಿ ಈ ವರ್ಷ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದು ತೇರ್ಗಡೆಯಾಗಿದ್ದಾಳೆ, ನೀಟ್‌ನಲ್ಲಿ ಮಾತ್ರ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಒಂದು ವರ್ಷ ಡ್ರಾಪ್ ಮಾಡುತ್ತೇನೆ ಎನ್ನುತ್ತಾಳೆ. ಆದರೆ ಮತ್ತೆ ನೀಟ್ ಬರೆಯಬೇಕೋ, ಬೇರೆ ದಾರಿ ಹಿಡಿಯಬೇಕೋ ಅವಳಿಗೇ ಸ್ಪಷ್ಟವಿಲ್ಲ. ಮನೆಯಲ್ಲಿ ಕುಳಿತರೆ ಗಂಡು ನೋಡುವುದಾಗಿ ತಂದೆಯವರು ಹೇಳುತ್ತಿದ್ದಾರೆ. ಕಲಬುರಗಿಯ ಸಲಹಾ ಕೇಂದ್ರವೊಂದು 35 ಸಾವಿರ ರೂಪಾಯಿ ಕೊಟ್ಟರೆ ಬೆರಳಚ್ಚಿನ ಪರೀಕ್ಷೆ ನಡೆಸಿ, ವರ್ಷದ ಯೋಜನೆ ಹಾಕಿಕೊಟ್ಟು, ಕೋಚಿಂಗ್‌ಗೂ ಸೇರಿಸುತ್ತದೆಯಂತೆ. ಕೊಡಬಹುದೆ?
– ಓದುಗರೊಬ್ಬರು, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ಕೊಡಬೇಡಿ. ಸಲಹೆ ಕೊಡುವವರೇ ಕೋಚಿಂಗ್‌ಗೂ ಸೇರಿಸುವುದಾದರೆ, ನಿಮ್ಮ ತಂಗಿ ‘ನನಗೆ ನೀಟ್ ಬೇಡ’ ಎಂದ ದಿನ ಅವರಿಗೆ ನಷ್ಟವಾಗುತ್ತದೆ. ಆಕೆ ಯಾವ ದಾರಿ ಹಿಡಿದರೂ ತನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎನ್ನುವಂಥವರ ಮುಂದೆ ಕುಳಿತು ಮಾತನಾಡಿದರೆ ಮಾತ್ರ ಅದು ಸಲಹೆ. ಬೆರಳಚ್ಚು ನೋಡಿ ಬುದ್ಧಿ, ಸ್ವಭಾವ ಹೇಳುವ ಡಿಎಂಐಟಿ ಪರೀಕ್ಷೆಗಂತೂ ವೈಜ್ಞಾನಿಕ ಆಧಾರವಿಲ್ಲ; ಅದನ್ನು ಹಸ್ತರೇಖೆ ನೋಡಿಸುವ ಖರ್ಚಿನ ಲೆಕ್ಕಕ್ಕೇ ಬರೆದುಕೊಳ್ಳಬಹುದು.

ಹಾಗೆಂದು ಯಾರನ್ನೂ ಕೇಳದೆ ವರ್ಷ ಬಿಡಿ ಎನ್ನುತ್ತಿಲ್ಲ. ಪರೀಕ್ಷೆಗಾಗಿ ತೆಗೆದುಕೊಳ್ಳುವ ವರ್ಷ ಬೇರೆ, ಮುಂದೇನು ಎಂದು ತೀರ್ಮಾನಿಸಲು ತೆಗೆದುಕೊಳ್ಳುವ ವರ್ಷ ಬೇರೆ; ಎರಡಕ್ಕೂ ಕೇಳಬೇಕಾದವರೂ ಬೇರೆ ಬೇರೆ.

ಮತ್ತೆ ನೀಟ್ ಬರೆದರೆ ಫಲವಿದೆಯೇ ಎಂಬ ಪ್ರಶ್ನೆಗೆ ಆಕೆಗೆ ಪಾಠ ಹೇಳಿದ ಪಿಯು ಉಪನ್ಯಾಸಕರಿಗಿಂತ ಒಳ್ಳೆಯ ಸಲಹೆಗಾರರು ಸಿಗುವುದು ಕಷ್ಟ. ಅವರ ಬಳಿಗೆ ಬರಿಗೈಯಲ್ಲಿ ಹೋಗಬೇಡಿ. ಆಕೆ ಉತ್ತರ ಗುರುತಿಸಿದ ಒಎಂಆರ್ ಹಾಳೆಯ ಪ್ರತಿಯನ್ನು, ನೀಟ್ ನಡೆಸುವ ಸಂಸ್ಥೆಯಾದ ಎನ್‌ಟಿಎ ಪ್ರಕಟಿಸುವ ಕೀ ಉತ್ತರಗಳೊಂದಿಗೆ ಹೋಲಿಸಿ, ಭೌತಶಾಸ್ತ್ರದ 45, ರಸಾಯನಶಾಸ್ತ್ರದ 45, ಜೀವಶಾಸ್ತ್ರದ 90 ಪ್ರಶ್ನೆಗಳಲ್ಲಿ ಎಷ್ಟು ಸರಿ, ಎಷ್ಟು ತಪ್ಪು, ಎಷ್ಟು ಬಿಟ್ಟದ್ದು ಎಂದು ಒಂದು ಹಾಳೆಯಲ್ಲಿ ಬರೆಸಿ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕದ ಕಡಿತ ಇರುವುದರಿಂದ, ಜೀವಶಾಸ್ತ್ರದಲ್ಲಿ ಊಹಿಸಿ ಬರೆದು ಅಂಕ ಕಳೆದುಕೊಂಡವಳಿಗೂ, ಭೌತಶಾಸ್ತ್ರದ ಅರ್ಧದಷ್ಟು ಪ್ರಶ್ನೆಗಳನ್ನು ಮುಟ್ಟದೇ ಬಿಟ್ಟವಳಿಗೂ ಒಟ್ಟು ಅಂಕ ಒಂದೇ ಬಂದಿರಬಹುದು. ಮೊದಲನೆಯದು ಅಭ್ಯಾಸದಿಂದ ಸರಿಹೋಗುವಂಥದ್ದು. ಎರಡನೆಯದಾದರೆ ಬುನಾದಿಯಿಂದಲೇ ಓದಬೇಕಾಗುತ್ತದೆ, ಅದಕ್ಕೆ ಆಕೆಗೆ ಮನಸ್ಸಿದೆಯೇ ಎಂಬುದನ್ನು ಆಕೆಯೇ ಹೇಳಬೇಕು. ಆ ಹಾಳೆಯನ್ನು ನೋಡಿದ ಉಪನ್ಯಾಸಕರು ಅರ್ಧ ಗಂಟೆಯಲ್ಲಿ ಹೇಳುವುದನ್ನು ಯಾವ ಪ್ಯಾಕೇಜೂ ಹೇಳಲಾರದು.

ಆದರೆ ನಿಮ್ಮ ಪತ್ರ ಓದಿದರೆ ಆಕೆಗೆ ಬೇಕಾಗಿರುವುದು ಎರಡನೆಯ ಬಗೆಯ, ಅಂದರೆ ಮುಂದೇನು ಎಂದು ತೀರ್ಮಾನಿಸುವ ವರ್ಷ ಎನ್ನಿಸುತ್ತದೆ. ಅದಕ್ಕೆ ವೃತ್ತಿ ಮಾರ್ಗದರ್ಶನ ಮಾಡುವ ಆಪ್ತಸಮಾಲೋಚಕರು ಬೇಕು. ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಅಥವಾ ಸಮಾಲೋಚನೆಯಲ್ಲಿ ಕ್ರಮಬದ್ಧ ತರಬೇತಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಒಂದು ಭೇಟಿಗೆ ಶುಲ್ಕವೆಷ್ಟು ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ವರ್ಷದ ಹಣವನ್ನು ಒಂದೇ ಸಲ ಕಟ್ಟಬೇಡಿ. ಅಭಿರುಚಿ ಪರೀಕ್ಷೆ ನಡೆಸಿದರೆ ಅದರ ವರದಿಯನ್ನು ಕೈಗೆ ಪಡೆಯಿರಿ. ಮೊದಲ ಭೇಟಿಯಲ್ಲೇ ಇಂಥದೇ ಕಾಲೇಜು, ಇಂಥದೇ ಕೋಚಿಂಗ್ ಎಂದು ಹೆಸರು ಹೇಳುವವರು ಏಜೆಂಟರು, ಎದ್ದು ಬನ್ನಿ. ಕೇಂದ್ರ ಕಾರ್ಮಿಕ ಸಚಿವಾಲಯದ ರಾಷ್ಟ್ರೀಯ ವೃತ್ತಿ ಸೇವೆಯ ಪೋರ್ಟಲ್‌ನಲ್ಲಿ ನೋಂದಣಿಗೆ ಹಣವಿಲ್ಲ. ಆರಂಭ ಅಲ್ಲಿಂದಲೇ ಆಗಬಹುದು.

ಒಂದು ಭೇಟಿಗೆ ನಿಮ್ಮ ತಂದೆ-ತಾಯಿಯನ್ನೂ ಕರೆದುಕೊಂಡು ಹೋಗಿ. ನಮ್ಮ ಕಡೆ ಮಗಳು ಒಂದು ವರ್ಷ ಮನೆಯಲ್ಲಿ ಉಳಿದರೆ ಬಂಧು-ಬಳಗದವರಿಂದ ಬರುವ ಮಾತು ಸಣ್ಣದಲ್ಲ, ಆ ಅಂಜಿಕೆಯನ್ನು ತಂದೆಯವರ ತಪ್ಪೆಂದು ತಳ್ಳಿಹಾಕಲೂ ಆಗದು. ಯಾವ ತಿಂಗಳಲ್ಲಿ ಏನು ಓದುತ್ತಾಳೆ, ಯಾವ ಪರೀಕ್ಷೆ ಬರೆಯುತ್ತಾಳೆ, ಡಿಸೆಂಬರ್ ಹೊತ್ತಿಗೆ ಯಾವುದನ್ನು ನೋಡಿ ಮುಂದುವರಿಯಬೇಕೆಂದು ತೀರ್ಮಾನಿಸುತ್ತೇವೆ ಎಂಬುದು ಬರೆದ ಹಾಳೆಯಲ್ಲಿದ್ದು, ಅದನ್ನು ಹೊರಗಿನವರೊಬ್ಬರು ವಿವರಿಸಿದರೆ ಹಿರಿಯರು ಒಪ್ಪುವ ಸಾಧ್ಯತೆ ಹೆಚ್ಚು. ಆಕೆ ನಿದ್ದೆ ಬಿಟ್ಟು, ಊಟ ಬಿಟ್ಟು ಮಂಕಾಗಿದ್ದರೆ ಮಾತ್ರ ಈ ಯೋಜನೆಗಳನ್ನೆಲ್ಲ ಬದಿಗಿಟ್ಟು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಮೊದಲು ಕರೆಮಾಡಿಸಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಬೇರೆ ದಾರಿಗಳು ದೂರದಲ್ಲೇನೂ ಇಲ್ಲ. ನಿಮ್ಮ ತಾಲ್ಲೂಕಿನ ಭೀಮರಾಯನಗುಡಿಯಲ್ಲೇ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಕೃಷಿ ಮಹಾವಿದ್ಯಾಲಯವಿದೆ. ಅದಕ್ಕೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಕೆಸಿಇಟಿ ಬರೆಯಬೇಕು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಪದವಿ ತರಗತಿಗಳಿಗೆ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಇದೆ. ನೀಟ್ ಒಂದನ್ನೇ ನೆಚ್ಚಿಕೊಂಡು ಈ ಎರಡರ ಅರ್ಜಿ ಹಾಕುವುದನ್ನು ಮರೆಯುವ ರಿಪೀಟರ್‌ಗಳೂ ಇದ್ದಾರೆ.

ಕೊನೆಗೆ ಕೋಚಿಂಗ್‌ಗೆ ಸೇರುವುದೇ ಆದರೆ ಕಂತಿನಲ್ಲಿ ಹಣ ಕಟ್ಟಿ, ಪ್ರತಿ ಕಂತಿಗೂ ರಸೀದಿ ಪಡೆಯಿರಿ. ನಡುವೆ ಬಿಟ್ಟ ವಿದ್ಯಾರ್ಥಿಗೆ ಉಳಿದ ಅವಧಿಯ ಶುಲ್ಕವನ್ನು 10 ದಿನಗಳೊಳಗೆ ಮರಳಿಸಬೇಕೆಂದು ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಮಾರ್ಗಸೂಚಿ ಹೇಳುತ್ತದೆ. ಅದು ಕಾನೂನಲ್ಲವಾದ್ದರಿಂದ ಅದೇ ಮಾತನ್ನು ಸೇರುವ ಮೊದಲು ಬರಹದಲ್ಲಿ ಕೇಳಿ ಪಡೆಯುವುದು ಲೇಸು. ಬಿಡುವಿನ ವರ್ಷದ ಬಗ್ಗೆ ಮುಂದೆ ಕಾಲೇಜಿನವರು ನೋಟರಿಯ ಪ್ರಮಾಣಪತ್ರ ಕೇಳಬಹುದು, ಅದು ದೊಡ್ಡ ವಿಷಯವಲ್ಲ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರ ಮಾತ್ರ ಇನ್ನೂ ಮಾಡಿಸಿರದಿದ್ದರೆ ಸಹಾಯಕ ಆಯುಕ್ತರ ಕಚೇರಿಗೆ ಈಗಲೇ ಅರ್ಜಿ ಕೊಡಿ. ಕಲ್ಯಾಣ ಕರ್ನಾಟಕದ ಕಾಲೇಜುಗಳ ಶೇ 70ರಷ್ಟು ಸೀಟುಗಳಲ್ಲಿ ಆಕೆಗೆ ಪಾಲು ಸಿಗುವುದು ಅದರ ಮೇಲೆಯೇ. ಪ್ರವೇಶದ ದಿನಗಳು ಬಂದಾಗ ಆ ಕಚೇರಿಯ ಮುಂದಿನ ಸಾಲು ಎಷ್ಟು ಉದ್ದವಿರುತ್ತದೆಂಬುದು ನಿಮಗೂ ಗೊತ್ತು.