ಮಹಿಳಾ ಬೌಲಿಂಗ್ ಟೂರ್ ಚಾಂಪಿಯನ್‌ಶಿಪ್‌ನಲ್ಲಿ ಮೊದಲ ಸ್ಥಾನದವರು ಒಂದೇ ಆಟ ಸೋತು ಕಪ್ ಕಳೆದುಕೊಳ್ಳೋದು ಅನ್ಯಾಯ ಅಲ್ವಾ?

ಅನ್ಯಾಯ ಅಂತ ನನಗೆ ಅನ್ನಿಸೋದಿಲ್ಲ. ಇದು ಕ್ರಿಕೆಟ್ ಬೌಲಿಂಗ್ ಅಲ್ಲ, ಭಾರದ ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ. ಅಮೆರಿಕದ ಪಿಡಬ್ಲ್ಯುಬಿಎ (ವೃತ್ತಿಪರ ಮಹಿಳಾ ಬೌಲಿಂಗ್ ಸಂಘ) ಟೂರ್ 2003ರಲ್ಲಿ ನಿಂತು, 2015ರಲ್ಲಿ ಮತ್ತೆ ಶುರುವಾಯಿತು. ಟೂರ್ ಚಾಂಪಿಯನ್‌ಶಿಪ್ ಅದರ ಋತುವಿನ ಕೊನೆಯ ದೊಡ್ಡ ಸ್ಪರ್ಧೆ.

ಫೈನಲ್ ನಡೆಯೋದು ಸ್ಟೆಪ್‌ಲ್ಯಾಡರ್ ಪದ್ಧತಿಯಲ್ಲಿ. ಐದು ಜನ ಉಳಿದಿದ್ದಾರೆ ಅಂದುಕೊಳ್ಳಿ. ಐದನೆಯವರು ನಾಲ್ಕನೆಯವರ ಜೊತೆ ಆಡುತ್ತಾರೆ. ಗೆದ್ದವರು ಮೂರನೆಯವರ ಎದುರು, ಹಾಗೇ ಮೇಲಕ್ಕೆ. ಮೊದಲ ಸ್ಥಾನದವರಿಗೆ ಒಂದೇ ಆಟ. ಸೋತರೂ ಎರಡನೇ ಸ್ಥಾನ ಖಾತ್ರಿ. ಇದು ಸಣ್ಣ ಲಾಭವಲ್ಲ.

ಕಷ್ಟ ಇರೋದು ಲೇನ್‌ನಲ್ಲಿ, ಅಂದರೆ ಚೆಂಡು ಉರುಳುವ ಹಾದಿಯಲ್ಲಿ. ಅದರ ಮೇಲೆ ತೆಳುವಾಗಿ ಎಣ್ಣೆ ಹಚ್ಚಿರುತ್ತಾರೆ. ಪ್ರತಿ ಎಸೆತದಲ್ಲೂ ಚೆಂಡು ಒಂದಿಷ್ಟು ಎಣ್ಣೆ ಹೀರಿಕೊಳ್ಳುತ್ತದೆ, ಒಂದಿಷ್ಟನ್ನು ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಎಣ್ಣೆ ಕಡಿಮೆಯಾದ ಜಾಗದಲ್ಲಿ ಚೆಂಡು ಬೇಗ ತಿರುಗಿಬಿಡುತ್ತದೆ. ಹಾಗಾಗಿ ಮೊದಲ ಆಟದಲ್ಲಿ ಸ್ಟ್ರೈಕ್ (ಒಂದೇ ಎಸೆತಕ್ಕೆ ಎಲ್ಲ ಪಿನ್ ಬೀಳೋದು) ಕೊಟ್ಟ ದಾರಿಯೇ ಕೊನೆಯ ಆಟದಲ್ಲಿ ಕೈಕೊಡಬಹುದು. ಕೆಳಗಿನಿಂದ ಗೆದ್ದು ಬಂದವರು ಈ ಬದಲಾವಣೆಯನ್ನು ಎಸೆದೆಸೆದೇ ಕಂಡುಕೊಂಡಿರುತ್ತಾರೆ. ಕೂತು ನೋಡಿದವರು ಅಂದಾಜು ಮಾಡಬೇಕು. ಒಂದು ಆಟದಲ್ಲಿ ಹತ್ತು ಫ್ರೇಮ್, ಅಂದರೆ ಹತ್ತು ಸರದಿ; ಅದರಲ್ಲಿ ಎರಡು ಹಾಳಾದರೂ ಸರಿಪಡಿಸಿಕೊಳ್ಳೋದು ಕಷ್ಟ.

ಋತುವಿಡೀ ಚೆನ್ನಾಗಿ ಆಡಿದವರಿಗೆ ವರ್ಷದ ಆಟಗಾರ್ತಿ ಗೌರವ ಬೇರೆಯೇ ಇದೆ. ಅಮೆರಿಕದ ಬೌಲರ್ ಲಿಜ್ ಜಾನ್ಸನ್ 2015ರಿಂದ 2017ರವರೆಗೆ ಸತತ ಮೂರು ವರ್ಷ ಅದನ್ನು ಪಡೆದರು.