ಹಳೇ ಕಾರಿನ ಹೀಟರ್‌ನಿಂದ ಕೂಲೆಂಟ್ ಒಳಗೆ ಸೋರುತ್ತಿದೆ, ಯಾವ ಸ್ಟಾಪ್ ಲೀಕ್ ಹಾಕಿದರೆ ಒಳ್ಳೆಯದು?

ಯಾವುದನ್ನೂ ಹಾಕಬೇಡಿ. ಸ್ಟಾಪ್ ಲೀಕ್ ಅಂದರೆ ಸೋರಿಕೆ ಮುಚ್ಚಲೆಂದು ಕೂಲೆಂಟ್‌ಗೆ, ಅಂದರೆ ಎಂಜಿನ್ ತಣ್ಣಗಿಡುವ ದ್ರವಕ್ಕೆ, ಬೆರೆಸುವ ಪುಡಿಯ ಮಿಶ್ರಣ. ನಿಮ್ಮದು ಸೆಕೆಂಡ್ ಹ್ಯಾಂಡ್ ಕಾರು, ಎಡಗಡೆ ಮ್ಯಾಟ್ ಒದ್ದೆ, ಸಕಲೇಶಪುರದ ಮಳೆ, ಡ್ಯಾಶ್‌ಬೋರ್ಡ್ ಬಿಚ್ಚಬೇಕು ಅಂದಿರುವ ಗ್ಯಾರೇಜು. ಅದರ ಬದಲು ಒಂದು ಬಾಟಲಿಯಲ್ಲಿ ಕೆಲಸ ಮುಗಿಯುತ್ತಾ ಅಂತ ಕೇಳಿದ್ದೀರಿ. ನಾನೂ ಹಾಗೇ ಯೋಚಿಸಿದ್ದೆ.

ನಾನು ಮೂಡಿಗೆರೆ ಕಡೆಯವನು. ನನ್ನದು 2004ರ ಪೆಟ್ರೋಲ್ ಕಾರು. ಮಳೆಗಾಲದಲ್ಲಿ ಗಾಜಿಗೆ ಒಳಗಿನಿಂದ ಮಂಜು ಕಟ್ಟುವುದು ನಮ್ಮಲ್ಲಿ ಹೊಸದಲ್ಲ. ಆದರೆ ಆ ವರ್ಷ ಬಟ್ಟೆಯಲ್ಲಿ ಒರೆಸಿದರೆ ಜಿಡ್ಡು ಹರಡಿ ಗಾಜು ಇನ್ನೂ ಮಸುಕಾಗುತ್ತಿತ್ತು. ಬ್ಲೋವರ್ ಹಾಕಿದರೆ ಬೆಲ್ಲದ ಪಾಕದಂಥ ಸಿಹಿ ವಾಸನೆ. ಎಸಿ ಡ್ರೈನ್ ಪೈಪ್ ಕಟ್ಟಿರಬೇಕು ಅಂತ ಮೆಕ್ಯಾನಿಕ್ ಅದನ್ನು ಕ್ಲೀನ್ ಮಾಡಿ ಕಳಿಸಿದರು. ಎಸಿ ನೀರಿಗೆ ಬಣ್ಣವೂ ಇರುವುದಿಲ್ಲ, ಜಿಡ್ಡೂ ಇರುವುದಿಲ್ಲ. ಮನೆಗೆ ಬಂದು ಮ್ಯಾಟ್ ಎತ್ತಿ, ಕೆಳಗಿನ ಫೆಲ್ಟ್ ಮೇಲೆ ಬಿಳಿ ಟಿಶ್ಯೂ ಒತ್ತಿದೆ. ಹಸಿರು ಬಣ್ಣ ಬಂತು, ಅಂದರೆ ಕೂಲೆಂಟೇ.

ಆಮೇಲೆ ಮಾಡಿದ್ದೇ ದೊಡ್ಡ ತಪ್ಪು. ಸ್ಟಾಪ್ ಲೀಕ್ ಬಾಟಲಿ ತಂದು ರೇಡಿಯೇಟರ್‌ಗೆ ಸುರಿದೆ. ಸೋರುವುದು ನಿಂತೇಬಿಟ್ಟಿತು. ನಿಂತಿತಲ್ಲ ಅಂತ ನೆಮ್ಮದಿಯಾಗಿ ಓಡಿಸಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೀಟರ್ ಕೋರ್ ಅಂದರೆ ಡ್ಯಾಶ್‌ಬೋರ್ಡ್ ಹಿಂದೆ ಇರುವ ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿ ಕೂಲೆಂಟೇ ಅದರೊಳಗೂ ಹರಿಯುತ್ತದೆ. ಮುಂದಿನ ರೇಡಿಯೇಟರ್, ಈ ಹೀಟರ್ ಕೋರ್ ಎರಡರ ಕೊಳವೆಗಳೂ ತೀರಾ ಸಣ್ಣವು. ನೀವು ಸುರಿಯುವ ಪುಡಿಗೆ ತೂತು ಯಾವುದು, ಹರಿಯುವ ದಾರಿ ಯಾವುದು ಅಂತ ಗೊತ್ತಾಗುವುದಿಲ್ಲ. ಎಲ್ಲಿ ಸಣ್ಣ ಜಾಗ ಸಿಕ್ಕಿತೋ ಅಲ್ಲಿ ಕೂರುತ್ತದೆ. ನನ್ನ ಕಾರಿಗೆ ಹಿಂದಿನ ಮಾಲೀಕರು ಕೂಲೆಂಟ್ ಬದಲು ಬೋರ್ ನೀರು ಹಾಕಿಯೇ ಓಡಿಸಿದ್ದರು. ನಾನು ಕೂಲೆಂಟ್ ಹಾಕುವ ಹೊತ್ತಿಗೆ ಒಳಗೆಲ್ಲ ಉಪ್ಪು ಕಟ್ಟಿತ್ತು. ಅದರ ಮೇಲೆ ಈ ಪುಡಿಯೂ ಸೇರಿ ಗಟ್ಟಿಯಾಯಿತು. ಧರ್ಮಸ್ಥಳದಿಂದ ವಾಪಸ್ ಬರುವಾಗ, ಚಾರ್ಮಾಡಿ ಏರಿನಲ್ಲಿ, ಸೆಕೆಂಡ್ ಗೇರಿನಲ್ಲಿ ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಎಂಜಿನ್ ಕಾದರೆ ಹೀಟರ್ ಫುಲ್ ಇಟ್ಟು ಬಿಸಿ ಹೊರಹಾಕಬಹುದು, ಅಲ್ವಾ? ಇಟ್ಟೆ. ತಣ್ಣಗಿನ ಗಾಳಿ ಬಂತು. ಹೀಟರ್ ಕೊಳವೆಗಳೂ ಮುಚ್ಚಿಹೋಗಿದ್ದವು. ನಿಲ್ಲಿಸಲು ಜಾಗ ಸಿಗುವಷ್ಟರಲ್ಲಿ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್, ಹೋಗಿತ್ತು. ಅಲ್ಯೂಮಿನಿಯಂ ಹೆಡ್ ಬಗ್ಗಿತ್ತು. ಬಗ್ಗಿದ ಹೆಡ್ ಸಮತಟ್ಟು ಮಾಡುವ ಫೇಸಿಂಗ್, ಗ್ಯಾಸ್ಕೆಟ್, ಹೊಸ ರೇಡಿಯೇಟರ್ ಎಲ್ಲ ಸೇರಿ ಡ್ಯಾಶ್‌ಬೋರ್ಡ್ ಬಿಚ್ಚುವ ಖರ್ಚಿನ ಎಷ್ಟೋ ಪಟ್ಟು ಜಾಸ್ತಿ ಆಯಿತು.

ಹಾಗಾಗಿ ನಿಮ್ಮ ಚಿಂತೆ ಹೀಟರ್ ಬಗ್ಗೆ ಇರಬಾರದು, ಎಂಜಿನ್ ಬಗ್ಗೆ ಇರಬೇಕು. ಇವತ್ತೇ ಹೀಟರ್ ಬೈಪಾಸ್ ಮಾಡಿಸಿ. ಎಂಜಿನ್ ಕಡೆಯಿಂದ ಡ್ಯಾಶ್‌ಬೋರ್ಡ್ ಒಳಗೆ ಹೋಗುವ ಎರಡು ಹೋಸ್ ಬಿಚ್ಚಿ, ಎಂಜಿನ್ ಬದಿಯ ಎರಡು ತುದಿಗಳನ್ನು ಒಂದಕ್ಕೊಂದು ಜೋಡಿಸುವುದು, ಅಷ್ಟೇ. ಸುಮ್ನೆ ಬಿರಡೆ ಹಾಕಿ ಮುಚ್ಚಿಸಬೇಡಿ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್ ಕಡೆಗೆ ದಾರಿ ಬಿಡುವ ವಾಲ್ವ್) ತೆರೆಯುವ ತನಕ ಕೂಲೆಂಟ್ ಈ ದಾರಿಯಲ್ಲೇ ಸುತ್ತಬೇಕು. ತೋಟದ ಪೈಪಿನ ತುಂಡು ಬೇಡ, ಕೂಲೆಂಟ್ ಹೋಸೇ ಇರಲಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ರೇಡಿಯೇಟರ್ ಕ್ಯಾಪ್ ಮುಟ್ಟಬೇಕು.

ನೀವು ಬಯಲುಸೀಮೆಯವರಾಗಿದ್ದರೆ ಆ ಬೈಪಾಸನ್ನೇ ಹಾಗೇ ಬಿಟ್ಟುಬಿಡಿ ಅನ್ನುತ್ತಿದ್ದೆ. ಎಸಿ ಹಾಕಿದರೂ ಗಾಜಿನ ಒಳಗಿನ ಮಂಜು ಹೋಗುತ್ತದೆ. ಆದರೆ ಮಲೆನಾಡಿನ ಮಳೆಯಲ್ಲಿ ಎಸಿ, ಹೀಟರ್ ಎರಡೂ ಸೇರಿದರೇ ಗಾಜು ಬೇಗ ತಿಳಿಯಾಗುವುದು. ಆದ್ದರಿಂದ ದುಡ್ಡು ಹೊಂದಿಸಿಕೊಂಡು ಡ್ಯಾಶ್‌ಬೋರ್ಡ್ ಬಿಚ್ಚಿಸಿ, ಹೊಸ ಕೋರ್ ಹಾಕಿಸಿ. ಹೋಸ್‌ಗಳನ್ನೂ ಬದಲಾಯಿಸಿ. ಎಸಿ ಕೂಲಿಂಗ್ ಕಾಯಿಲ್ ಅಲ್ಲೇ ಇರುತ್ತದೆ, ಅದನ್ನೂ ನೋಡಿಸಿ. ಬಿಚ್ಚುವ ಮೊದಲು ಹೋಸ್ ಕ್ಲಿಪ್ ಮತ್ತು ಹೀಟರ್ ವಾಲ್ವ್ ಪರೀಕ್ಷಿಸಲು ಹೇಳಿ. ಎಷ್ಟೋ ಸಲ ಸೋರುವುದು ಅಲ್ಲಿ, ಪೈಪ್ ಗುಂಟ ಹರಿದು ಒಳಗೆ ಬರುತ್ತದೆ. ಹಳೇ ನೀರೆಲ್ಲ ಫ್ಲಶ್ ಮಾಡಿಸಿ, ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ಹಾಕಿಸಿ.

ಫೆಲ್ಟ್ ಹೊರತೆಗೆದು ತೊಳೆಯಲೇಬೇಕು. ಕೂಲೆಂಟ್ ನೀರಿನ ಹಾಗೆ ಬೇಗ ಆರುವುದಿಲ್ಲ, ಕೆಳಗಿನ ತಗಡು ತುಕ್ಕು ಹಿಡಿಯುತ್ತದೆ. ತೆಗೆದ ಕೂಲೆಂಟನ್ನು ಅಂಗಳಕ್ಕೆ ಚೆಲ್ಲಬೇಡಿ, ದಯವಿಟ್ಟು. ಸಿಹಿ ಇರುವುದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಅವುಗಳ ಕಿಡ್ನಿಯನ್ನೇ ಹಾಳು ಮಾಡಿ ಕೊಲ್ಲುತ್ತದೆ.

ಬೈಪಾಸ್ ಆದ ಮರುದಿನ ಬೆಳಿಗ್ಗೆ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಕೂಲೆಂಟ್ ಮಟ್ಟ ನೋಡಿ. ಒಳಗೆ ಗಾಳಿ ಉಳಿದಿದ್ದರೆ ಸ್ವಲ್ಪ ಇಳಿಯಬಹುದು, ತುಂಬಿಸಿ. ಆಮೇಲೂ ಇಳಿಯುತ್ತಲೇ ಇದ್ದರೆ ಸೋರಿಕೆ ಬೇರೆ ಕಡೆಯೂ ಇದೆ. ಒತ್ತಡ ಕೊಟ್ಟು ಸೋರಿಕೆ ಹುಡುಕುವ ಪ್ರೆಶರ್ ಟೆಸ್ಟ್ ಮಾಡಿಸುವ ತನಕ ಶಿರಾಡಿ ಕಡೆ ಗಾಡಿ ತಿರುಗಿಸಬೇಡಿ.